ಬಾಯಿಯೆಂಬ ಹೆಬ್ಬಾಗಿಲು

ರಾಯದುರ್ಗದ ಬೆಟ್ಟದ ಮೇಲಿರುವ ಕೋಟೆಯನ್ನು ನೀವು ನೋಡಿರಬಹುದು. ಮಡಕಶಿರದ ಬೆಟ್ಟದ ಮೇಲೂ ಹಳೆಯ ಕೋಟೆಯ ಗೋಡೆಗಳಿವೆ. ಕೋಟೆ ಕಟ್ಟಿದವರು ಗೋಡೆಯನ್ನು ಎಷ್ಟೇ ದಪ್ಪವಾಗಿ ಕಟ್ಟಿದರೂ ಒಂದು ಬಾಗಿಲನ್ನು ಬಿಡಲೇಬೇಕಾಗಿತ್ತು. ದವಸ ಧಾನ್ಯ ಒಳಗೆ ಬರುವುದು ಆ ಬಾಗಿಲಿನಿಂದಲೇ, ಜನ ಓಡಾಡುವುದೂ ಅದರಿಂದಲೇ. ಶತ್ರುಗಳು ಹೊಂಚು ಹಾಕುವುದೂ ಅಲ್ಲಿಯೇ. ಆದ್ದರಿಂದ ಹೆಚ್ಚಿನ ಕಾವಲು ಬಾಗಿಲ ಬಳಿಯೇ ಇರುತ್ತಿತ್ತು.

ನಮ್ಮ ದೇಹಕ್ಕೆ ಬಾಯಿಯೇ ಹೆಬ್ಬಾಗಿಲು. ಮುದ್ದೆ, ಅನ್ನ, ನೀರು, ಮಜ್ಜಿಗೆ ಎಲ್ಲವೂ ಇಲ್ಲಿಂದಲೇ ಒಳಗೆ ಹೋಗಬೇಕು. ಅವುಗಳ ಜೊತೆಗೆ ದಿನವೂ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳೂ ಒಳಗೆ ಬರುತ್ತವೆ. ಆದರೂ ನಾವು ದಿನವೂ ಕಾಯಿಲೆ ಬೀಳುವುದಿಲ್ಲ. ಏಕೆ? ಬಾಗಿಲಲ್ಲಿ ಕಾವಲುಗಾರರಿದ್ದಾರೆ.

ಈ ಕಾವಲು ಹೇಗಿರುತ್ತದೆ, ಎಚ್.ಐ.ವಿ. ಎಂಬ ವೈರಸ್ ಅದನ್ನು ಹೇಗೆ ಕೆಡಿಸುತ್ತದೆ, ಕೆಟ್ಟ ಕಾವಲನ್ನು ಮತ್ತೆ ಹೇಗೆ ಬಲಪಡಿಸಬಹುದು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಬಾಯಿ ಒಂದು ಕನ್ನಡಿ

ಆಸ್ಪತ್ರೆಗೆ ಹೋದಾಗ ವೈದ್ಯರು "ಬಾಯಿ ತೆರೆ, ನಾಲಿಗೆ ಚಾಚು" ಎನ್ನುವುದನ್ನು ನೀವು ಕೇಳಿದ್ದೀರಿ. ಜ್ವರ ಬಂದರೂ, ಹೊಟ್ಟೆನೋವಾದರೂ ಅವರು ಮೊದಲು ಬಾಯಿಯನ್ನು ನೋಡುತ್ತಾರೆ. ದೇಹದ ಒಳಗಿನ ಎಷ್ಟೋ ಸುದ್ದಿಗಳು ಬಾಯಿಯಲ್ಲಿ ಕಾಣಿಸಿಕೊಳ್ಳುವುದೇ ಇದಕ್ಕೆ ಕಾರಣ. ರಕ್ತ ಕಡಿಮೆಯಾದರೆ ನಾಲಿಗೆ ಬಿಳಿಚಿಕೊಳ್ಳುತ್ತದೆ. ಬಿ ಜೀವಸತ್ವ ಸಾಲದಿದ್ದರೆ ತುಟಿಯ ಮೂಲೆಗಳು ಒಡೆಯುತ್ತವೆ. ಅನಂತಪುರ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಆ ನೀರನ್ನು ಚಿಕ್ಕಂದಿನಿಂದ ಕುಡಿದವರ ಹಲ್ಲುಗಳ ಮೇಲೆ ಕಂದು ಕಲೆಗಳು ಮೂಡುತ್ತವೆ. ಭೂಮಿಯೊಳಗಿನ ನೀರಿನ ಗುಣವನ್ನು ಕೂಡ ಹಲ್ಲು ಹೇಳಿಬಿಡುತ್ತದೆ!

ಎಚ್.ಐ.ವಿ. ಸೋಂಕಿನ ಸುದ್ದಿಯನ್ನೂ ಬಾಯಿ ಹೇಳಬಲ್ಲದು. ಅದನ್ನು ಓದಿ ತಿಳಿಯಬೇಕಾದರೆ ಮೊದಲು ಬಾಯಿಯ ಒಳಪದರವನ್ನು ಹತ್ತಿರದಿಂದ ನೋಡಬೇಕು.

ಗೋಡೆ ಮತ್ತು ಕಾವಲುಗಾರರು

ಜೀವಶಾಸ್ತ್ರದ ತರಗತಿಯಲ್ಲಿ ನೀವು ಕೆನ್ನೆಯ ಒಳಭಾಗವನ್ನು ಕಡ್ಡಿಯಿಂದ ಮೆಲ್ಲಗೆ ಕೆರೆದು, ಗಾಜಿನ ಪಟ್ಟಿಯ ಮೇಲೆ ಹರಡಿ, ಮೆಥಿಲೀನ್ ನೀಲಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿರಬಹುದು. ಚಪ್ಪಟೆಯಾದ ಜೀವಕೋಶಗಳು, ಅವುಗಳ ನಡುವೆ ನೀಲಿ ಚುಕ್ಕೆಯಂತೆ ಕೋಶಕೇಂದ್ರ ಕಾಣುತ್ತವೆ. ಇವೇ ಹೆಬ್ಬಾಗಿಲಿನ ಗೋಡೆಯ ಕಲ್ಲುಗಳು. ಒಂದರ ಮೇಲೊಂದರಂತೆ ಹಲವು ಸಾಲುಗಳಲ್ಲಿ ಅವು ಜೋಡಣೆಯಾಗಿವೆ. ಮೇಲಿನ ಸಾಲು ಸದಾ ಉದುರುತ್ತದೆ. ಕೆಳಗಿನಿಂದ ಹೊಸ ಕೋಶಗಳು ಮೇಲಕ್ಕೆ ಬರುತ್ತವೆ. ಅಂಟಿಕೊಂಡ ರೋಗಾಣುಗಳು ಉದುರುವ ಕೋಶಗಳ ಜೊತೆಗೇ ಹೊರಟುಹೋಗುತ್ತವೆ. ಕೆಲವೇ ವಾರಗಳಲ್ಲಿ ಇಡೀ ಗೋಡೆಯೇ ಹೊಸದಾಗುತ್ತದೆ. ತನ್ನನ್ನು ತಾನೇ ಮತ್ತೆ ಮತ್ತೆ ಕಟ್ಟಿಕೊಳ್ಳುವ ಇಂತಹ ಗೋಡೆ ಯಾವ ರಾಜನ ಕೋಟೆಗೂ ಇರಲಿಲ್ಲ.

ಗೋಡೆಯನ್ನು ತೊಳೆಯುವ ನೀರು ಜೊಲ್ಲು. ದಿನಕ್ಕೆ ಸುಮಾರು ಅರ್ಧ ಲೀಟರಿನಿಂದ ಒಂದೂವರೆ ಲೀಟರಿನಷ್ಟು ಜೊಲ್ಲು ನಮ್ಮ ಬಾಯಿಯಲ್ಲಿ ಊರುತ್ತದೆ. ಅದರಲ್ಲಿ ರೋಗಾಣುಗಳನ್ನು ಕೊಲ್ಲುವ ಹಲವು ಪ್ರೋಟೀನುಗಳೂ ಪ್ರತಿಕಾಯಗಳೂ ಇವೆ. ಒಸಡಿನ ಅಂಚಿನಿಂದ ನಿಮಿಷಕ್ಕೆ ಸಾವಿರಾರು ಬಿಳಿ ರಕ್ತಕಣಗಳು ಬಾಯಿಯೊಳಕ್ಕೆ ಬಂದು ಕಾವಲು ತಿರುಗುತ್ತವೆ.

ಗೋಡೆಯ ಕಲ್ಲುಗಳ ಸಂದಿನಲ್ಲಿಯೇ ಕುಳಿತಿರುವ ಇನ್ನೊಂದು ಬಗೆಯ ಕಾವಲುಗಾರರೂ ಇದ್ದಾರೆ. ನಿಮ್ಮ ನೀಲಿ ಬಣ್ಣಕ್ಕೆ ಅವರು ಬೇರೆಯಾಗಿ ಕಾಣಿಸುವುದಿಲ್ಲ. ಅವರನ್ನು ಮೊದಲು ಕಂಡವನು ನಿಮಗಿಂತ ಕೆಲವೇ ವರ್ಷ ದೊಡ್ಡವನಾದ ಒಬ್ಬ ವಿದ್ಯಾರ್ಥಿ.

ಚಿನ್ನದ ದ್ರಾವಣದಲ್ಲಿ ಕಂಡ ಕೋಶಗಳು

1868ರಲ್ಲಿ ಜರ್ಮನಿಯ ಬರ್ಲಿನ್ ನಗರದಲ್ಲಿ ವೈದ್ಯಕೀಯ ಓದುತ್ತಿದ್ದ ಪಾಲ್ ಲ್ಯಾಂಗರ್‌ಹಾನ್ಸ್ ಎಂಬ ತರುಣನು ಮನುಷ್ಯನ ಚರ್ಮದ ತೆಳುವಾದ ತುಂಡುಗಳನ್ನು ಚಿನ್ನದ ಲವಣದ ದ್ರಾವಣದಲ್ಲಿ ಅದ್ದಿ ಸೂಕ್ಷ್ಮದರ್ಶಕದಲ್ಲಿ ನೋಡಿದನು. ಚರ್ಮದ ಕೋಶಗಳ ನಡುವೆ ಕಪ್ಪಾದ, ಮರದ ಕೊಂಬೆಗಳಂತೆ ತೋಳು ಚಾಚಿದ ಕೋಶಗಳು ಕಂಡವು. ಅವು ನರಗಳಿಗೆ ಸೇರಿದವು ಎಂದು ಅವನು ಭಾವಿಸಿದನು. ಅವು ರೋಗನಿರೋಧಕ ವ್ಯವಸ್ಥೆಗೆ ಸೇರಿದವು ಎಂದು ತಿಳಿಯಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಅದೇ ಬಗೆಯ ಕೋಶಗಳು ಬಾಯಿಯ ಒಳಪದರದಲ್ಲಿಯೂ ಇವೆ. ಅವುಗಳಿಗೆ ಇಂದಿಗೂ ಲ್ಯಾಂಗರ್‌ಹಾನ್ಸ್ ಕೋಶಗಳೆಂದೇ ಹೆಸರು.

1973ರಲ್ಲಿ ಅಮೆರಿಕದ ರಾಲ್ಫ್ ಸ್ಟೈನ್‌ಮನ್ ಎಂಬ ವಿಜ್ಞಾನಿ ತೋಳು ಚಾಚುವ ಇಂತಹ ಕೋಶಗಳ ಒಂದು ದೊಡ್ಡ ಬಳಗವನ್ನೇ ಗುರುತಿಸಿ, ಅವುಗಳಿಗೆ 'ಡೆಂಡ್ರಿಟಿಕ್ ಕೋಶ' ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ 'ಡೆಂಡ್ರಾನ್' ಎಂದರೆ ಮರ. ಈ ಸಂಶೋಧನೆಗಾಗಿ 2011ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಘೋಷಣೆಯಾಯಿತು. ಆದರೆ ಆ ಸುದ್ದಿ ಹೊರಬೀಳುವ ಮೂರು ದಿನ ಮೊದಲೇ ಅವರು ತೀರಿಕೊಂಡಿದ್ದರು.

ಈ ಕೋಶಗಳ ಕೆಲಸವೇನು? ಗೋಡೆಯ ಸಂದಿನಲ್ಲಿ ಕುಳಿತು ತೋಳುಗಳನ್ನು ಚಾಚಿ ಹೊಸದಾಗಿ ಬಂದದ್ದನ್ನು ಮುಟ್ಟಿ ನೋಡುವುದು ಅವುಗಳ ಕೆಲಸ. ರೋಗಾಣು ಸಿಕ್ಕರೆ ಅದನ್ನು ನುಂಗಿ, ತುಂಡು ಮಾಡಿ, ಒಂದು ಚೂರನ್ನು ಗುರುತಿಗಾಗಿ ಹೊತ್ತುಕೊಂಡು ಕತ್ತಿನಲ್ಲಿರುವ ದುಗ್ಧಗ್ರಂಥಿಗೆ ಹೋಗುತ್ತವೆ. ಗಂಟಲು ನೋವಾದಾಗ ದವಡೆಯ ಕೆಳಗೆ ಕೈಗೆ ಸಿಗುವ ಗಂಟುಗಳೇ ಈ ಗ್ರಂಥಿಗಳು. ಅಲ್ಲಿ 'ಸಿ.ಡಿ.4' ಎಂಬ ಗುರುತುಳ್ಳ ಟಿ ಕೋಶಗಳಿರುತ್ತವೆ. ಲ್ಯಾಂಗರ್‌ಹಾನ್ಸ್ ಕೋಶವು ಕಾವಲುಗಾರನಾದರೆ ಸಿ.ಡಿ.4 ಕೋಶವು ಸೇನಾಪತಿ. ಯಾವ ಶತ್ರು ಬಂದಿದ್ದಾನೆ, ಅವನ ಮೇಲೆ ಯಾರನ್ನು ಕಳುಹಿಸಬೇಕು, ಎಷ್ಟು ಪ್ರತಿಕಾಯ ತಯಾರಾಗಬೇಕು ಎಂಬ ಆಜ್ಞೆಗಳನ್ನು ಕೊಡುವುದು ಅದೇ. ಇಂತಹ ಸಿ.ಡಿ.4 ಕೋಶಗಳು ಬಾಯಿಯ ಒಳಪದರದ ಕೆಳಗೂ ನೆಲೆಸಿವೆ.

ಸೇನಾಪತಿಯನ್ನೇ ಹಿಡಿಯುವ ಶತ್ರು

ಏಡ್ಸ್ ಎಂಬ ಸ್ಥಿತಿಯನ್ನು ವೈದ್ಯರು ಮೊದಲು ಗುರುತಿಸಿದ್ದು 1981ರಲ್ಲಿ, ಅಮೆರಿಕದಲ್ಲಿ. 1983ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಫ್ರಾನ್ಸ್ವಾಸ್ ಬಾರೆ-ಸಿನೂಸಿ, ಲ್ಯೂಕ್ ಮೊಂಟಾನಿಯೆ ಮತ್ತು ಅವರ ಸಂಗಡಿಗರು ಅದಕ್ಕೆ ಕಾರಣವಾದ ವೈರಸ್ಸನ್ನು ಕಂಡುಹಿಡಿದರು. ನಮ್ಮ ದೇಶದಲ್ಲಿ ಈ ಸೋಂಕು ಇದೆ ಎಂದು 1986ರಲ್ಲಿ ಮೊದಲು ತೋರಿಸಿಕೊಟ್ಟವರು ಮದರಾಸು ವೈದ್ಯಕೀಯ ಕಾಲೇಜಿನ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಡಾ. ಸೆಲ್ಲಪ್ಪನ್ ನಿರ್ಮಲಾ.

ಎಚ್.ಐ.ವಿ. ಉಳಿದ ರೋಗಾಣುಗಳಂತೆ ಗೋಡೆಯನ್ನು ಕೆಡವುವುದಿಲ್ಲ. ಅದು ಸೇನಾಪತಿಯನ್ನೇ ಹಿಡಿಯುತ್ತದೆ. ಸಿ.ಡಿ.4 ಎಂಬ ಗುರುತನ್ನೇ ಅಗುಳಿಯಂತೆ ಬಳಸಿ ಟಿ ಕೋಶದ ಒಳಗೆ ನುಗ್ಗುತ್ತದೆ. ಒಳಗೆ ಹೋಗಿ ತನ್ನ ಬರಹವನ್ನು ಕೋಶದ ಬರಹದೊಳಗೆ ಸೇರಿಸಿಬಿಡುತ್ತದೆ. ಆಮೇಲೆ ಆ ಕೋಶವು ವೈರಸ್ಸಿನ ಪ್ರತಿಗಳನ್ನು ತಯಾರಿಸುತ್ತಾ ಸಾಯುತ್ತದೆ. ಸೋಂಕು ತಗುಲಿದ ಮೊದಲ ಕೆಲವು ವಾರಗಳಲ್ಲೇ ಕರುಳಿನ ಒಳಪದರದಲ್ಲಿರುವ ಸಿ.ಡಿ.4 ಕೋಶಗಳು ಅಪಾರ ಸಂಖ್ಯೆಯಲ್ಲಿ ನಾಶವಾಗುತ್ತವೆ. ರಕ್ತದಲ್ಲಿ ಅವು ಇಳಿಯುವುದು ಮಾತ್ರ ನಿಧಾನ. ಆದ್ದರಿಂದ ವರ್ಷಗಟ್ಟಲೆ ಹೊರಗೆ ಏನೂ ತೋರದೆ ಇರಬಹುದು.

ಹಾಗಾದರೆ ಕಾವಲುಗಾರನಾದ ಲ್ಯಾಂಗರ್‌ಹಾನ್ಸ್ ಕೋಶ ಏನು ಮಾಡುತ್ತದೆ? ಈ ಕೋಶಗಳ ಮೈಮೇಲೆ 'ಲ್ಯಾಂಗರಿನ್' ಎಂಬ ಪ್ರೋಟೀನು ಇದೆ. ಅದು ಎಚ್.ಐ.ವಿ.ಯನ್ನು ಹಿಡಿದು ಒಳಗೆಳೆದು ನಾಶಮಾಡುತ್ತದೆ ಎಂದು 2007ರಲ್ಲಿ ನೆದರ್‌ಲ್ಯಾಂಡ್ಸ್‌ನ ವಿಜ್ಞಾನಿಗಳು ತೋರಿಸಿದರು. ಆದರೆ ವೈರಸ್ಸು ವಿಪರೀತವಾಗಿದ್ದರೆ, ಅಥವಾ ಆ ಜಾಗದಲ್ಲಿ ಮೊದಲೇ ಬೇರೆ ಸೋಂಕಿನಿಂದ ಉರಿಯೂತವಿದ್ದರೆ, ಅದೇ ಕೋಶ ವೈರಸ್ಸನ್ನು ಸಿ.ಡಿ.4 ಕೋಶಗಳಿಗೆ ದಾಟಿಸಲೂಬಹುದು. ಬೇಲಿಯೇ ಎದ್ದು ಹೊಲ ಮೇಯ್ದಂತೆ! ಆದ್ದರಿಂದಲೇ ಹುಣ್ಣು, ಗಾಯ, ಬೇರೆ ಸೋಂಕುಗಳಿಗೆ ಬೇಗ ಚಿಕಿತ್ಸೆ ಪಡೆಯಬೇಕು ಎಂದು ವೈದ್ಯರು ಹೇಳುವುದು.

ಚಿಕಿತ್ಸೆಯಿಲ್ಲದೆ ಸೋಂಕು ಮುಂದುವರಿದಂತೆ ಬಾಯಿಯ ಒಳಪದರದ ಕಾವಲು ಬದಲಾಗುತ್ತದೆ. ಸಿ.ಡಿ.4 ಕೋಶಗಳು ಕಡಿಮೆಯಾಗುತ್ತವೆ. ಸಿ.ಡಿ.8 ಎಂಬ ಇನ್ನೊಂದು ಬಗೆಯ ಟಿ ಕೋಶಗಳು ಅವುಗಳ ಜಾಗಕ್ಕೆ ಬರುತ್ತವೆ. ಆದರೆ ಬಾಯಿಯಲ್ಲಿ ಶಿಲೀಂಧ್ರ ಬೆಳೆದಿರುವಾಗ ಈ ಸಿ.ಡಿ.8 ಕೋಶಗಳು ಶತ್ರು ಕುಳಿತಿರುವ ಮೇಲಿನ ಸಾಲಿಗೆ ಏರಲಾರದೆ ಗೋಡೆಯ ಬುಡದಲ್ಲಿಯೇ ಗುಂಪುಗೂಡುವುದನ್ನು ವಿಜ್ಞಾನಿಗಳು ಕಂಡಿದ್ದಾರೆ. ಸೈನಿಕರಿದ್ದಾರೆ, ಆದರೆ ಬುರುಜಿಗೆ ಹತ್ತುವ ಏಣಿಯಿಲ್ಲ!

ಬಾಯಿ ಹೇಳುವ ಸುದ್ದಿ

ಕ್ಯಾಂಡಿಡಾ ಎಂಬ ಶಿಲೀಂಧ್ರವು ಎಷ್ಟೋ ಆರೋಗ್ಯವಂತರ ಬಾಯಿಯಲ್ಲಿ ಸುಮ್ಮನೆ ವಾಸವಾಗಿರುತ್ತದೆ. ಅದನ್ನು ಹದ್ದಿನಲ್ಲಿಡುವುದು ಸಿ.ಡಿ.4 ಕೋಶಗಳಲ್ಲಿ ಒಂದು ಬಗೆಯವು. ಅವುಗಳಿಗೆ 'ಟಿ.ಎಚ್.17' ಎಂದು ಹೆಸರು. ಅವು ಕಳುಹಿಸುವ ಸಂದೇಶದಿಂದ ಗೋಡೆಯ ಕೋಶಗಳು ಶಿಲೀಂಧ್ರವನ್ನು ಕೊಲ್ಲುವ ಪ್ರೋಟೀನುಗಳನ್ನು ಸುರಿಸುತ್ತವೆ, ಬಿಳಿ ರಕ್ತಕಣಗಳು ಓಡಿಬರುತ್ತವೆ. ಈ ಕೋಶಗಳು ಎಚ್.ಐ.ವಿ.ಗೆ ಬೇಗ ಬಲಿಯಾಗುತ್ತವೆ. ಸಂದೇಶ ನಿಂತಾಗ ಶಿಲೀಂಧ್ರ ಬೆಳೆಯುತ್ತದೆ. ನಾಲಿಗೆ, ಕೆನ್ನೆ, ಅಂಗುಳಿನ ಮೇಲೆ ಒಡೆದ ಹಾಲಿನಂತೆ ಬಿಳಿಯ ಪದರ ಕಾಣಿಸುತ್ತದೆ. ಒರೆಸಿದರೆ ಪದರ ಬರುತ್ತದೆ, ಕೆಳಗೆ ಕೆಂಪಾಗಿರುತ್ತದೆ. ನುಂಗುವಾಗ ನೋವಾಗುತ್ತದೆ, ಊಟ ರುಚಿಸುವುದಿಲ್ಲ.

ಇನ್ನೊಂದು ಗುರುತನ್ನು 1984ರಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊ ನಗರದ ವೈದ್ಯರು ವಿವರಿಸಿದರು. ನಾಲಿಗೆಯ ಎರಡು ಅಂಚುಗಳಲ್ಲಿ ಒರೆಸಿದರೂ ಹೋಗದ, ಸುಕ್ಕುಸುಕ್ಕಾದ ಬಿಳಿಯ ಗೆರೆಗಳು ಅದು. ಇದಕ್ಕೆ ಎಪ್‌ಸ್ಟೈನ್-ಬಾರ್ ಎಂಬ ಬೇರೊಂದು ವೈರಸ್ ಕಾರಣ. ಆ ಗೆರೆಗಳಿರುವ ಜಾಗದಲ್ಲಿ ಲ್ಯಾಂಗರ್‌ಹಾನ್ಸ್ ಕೋಶಗಳು ಬಹಳ ವಿರಳವಾಗಿದ್ದುದು ಕಂಡುಬಂತು. ಕಾವಲುಗಾರ ಇಲ್ಲದ ಕಡೆ ಕಳ್ಳ ಮನೆ ಮಾಡಿಕೊಂಡಂತೆ.

ದಕ್ಷಿಣ ಭಾರತದಲ್ಲಿಯೂ ಈ ಬಗ್ಗೆ ಅಧ್ಯಯನ ನಡೆದಿದೆ. ಎಚ್.ಐ.ವಿ. ಇರುವ 300 ಜನರ ಬಾಯಿಯನ್ನು ಪರೀಕ್ಷಿಸಿ ಚೆನ್ನೈನ ದಂತವೈದ್ಯರೂ ಅವರ ಸಹೋದ್ಯೋಗಿಗಳೂ 2000ದಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ ಹೆಚ್ಚಾಗಿ ಕಂಡ ತೊಂದರೆಗಳಲ್ಲಿ ಕ್ಯಾಂಡಿಡಾ ಒಂದು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ನೆನಪಿಡಿ. ಬಾಯಿಯಲ್ಲಿ ಬಿಳಿ ಕಂಡ ಕೂಡಲೇ ಅದು ಎಚ್.ಐ.ವಿ. ಎಂದು ತಿಳಿಯಬಾರದು. ಎಳೆಯ ಮಕ್ಕಳ ಬಾಯಿಯಲ್ಲಿಯೂ ಈ ಪದರ ಬರುತ್ತದೆ. ಸಕ್ಕರೆ ಕಾಯಿಲೆಯವರು, ಬಹಳ ದಿನ ಆ್ಯಂಟಿಬಯಾಟಿಕ್ ಔಷಧ ತೆಗೆದುಕೊಂಡವರು, ಕಟ್ಟಿಸಿದ ಹಲ್ಲಿನವರು ಇವರಲ್ಲಿಯೂ ಬರುತ್ತದೆ. ಹೊಗೆಸೊಪ್ಪು, ಗುಟ್ಕಾ ಅಗಿಯುವವರ ಕೆನ್ನೆಯಲ್ಲಿ ಬೇರೆ ಬಗೆಯ ಬಿಳಿ ಕಲೆಗಳು ಮೂಡುತ್ತವೆ. ಅವು ಮುಂದೆ ಕ್ಯಾನ್ಸರ್ ಆಗಬಹುದು. ಬಾಯಿ 'ಏನೋ ಕೆಟ್ಟಿದೆ, ನೋಡಿಸಿ' ಎಂದಷ್ಟೇ ಹೇಳುತ್ತದೆ. ಏನು ಕೆಟ್ಟಿದೆ ಎಂದು ಹೇಳಬೇಕಾದದ್ದು ರಕ್ತಪರೀಕ್ಷೆ.

ಬಾಯಿ ಹರಡದ ಸೋಂಕು

ಈಗ ನಾವು ಬಹಳ ಮುಖ್ಯವಾದ ಮಾತಿಗೆ ಬಂದಿದ್ದೇವೆ. ಸೋಂಕಿನ ಗುರುತು ಬಾಯಿಯಲ್ಲಿ ಕಾಣುತ್ತದೆ ಎಂದ ಮೇಲೆ, ಅದು ಎಂಜಲಿನಿಂದ ಹರಡುವುದೇ? ಇಲ್ಲ. ಬಾಯಿ ಈ ಸೋಂಕನ್ನು ತೋರಿಸುತ್ತದೆ, ಹರಡುವುದಿಲ್ಲ.

ಇದಕ್ಕೆ ಕಾರಣ ಜೊಲ್ಲಿನಲ್ಲಿಯೇ ಇದೆ. ಒಣದ್ರಾಕ್ಷಿಯನ್ನು ನೀರಿಗೆ ಹಾಕಿದರೆ ಅದು ಉಬ್ಬುವುದನ್ನು ನೀವು ಪ್ರಯೋಗ ಮಾಡಿ ನೋಡಿದ್ದೀರಿ. ಜೊಲ್ಲಿನಲ್ಲಿ ರಕ್ತದಲ್ಲಿರುವುದಕ್ಕಿಂತ ಲವಣ ಬಹಳ ಕಡಿಮೆ. ವೈರಸ್ಸನ್ನು ಹೊತ್ತ ಬಿಳಿ ಕಣವು ಜೊಲ್ಲಿಗೆ ಬಿದ್ದರೆ ಒಣದ್ರಾಕ್ಷಿಯಂತೆ ನೀರು ಹೀರಿ ಉಬ್ಬುತ್ತದೆ, ಕೊನೆಗೆ ಒಡೆದುಹೋಗುತ್ತದೆ. ಜೊಲ್ಲಿನ ಪ್ರೋಟೀನುಗಳು ವೈರಸ್ಸನ್ನು ಸುತ್ತಿಕೊಂಡು ಕಟ್ಟಿಹಾಕುತ್ತವೆ. ಅಲ್ಲದೆ, ಹಲವು ಸಾಲುಗಳ ಗೋಡೆಯನ್ನು ಇದು ಸುಲಭವಾಗಿ ದಾಟಲಾರದು.

ಆದ್ದರಿಂದ ಒಂದೇ ಲೋಟದಲ್ಲಿ ನೀರು ಕುಡಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಬೆಂಚಿನ ಮೇಲೆ ಕುಳಿತರೆ, ಕೈ ಕುಲುಕಿದರೆ, ಅಪ್ಪಿಕೊಂಡರೆ, ಕೆಮ್ಮಿದರೆ, ಸೊಳ್ಳೆ ಕಚ್ಚಿದರೆ ಎಚ್.ಐ.ವಿ. ಹರಡುವುದಿಲ್ಲ. ಅದು ಹರಡುವ ದಾರಿಗಳು ಬೇರೆ. ಸೋಂಕಿರುವವರೊಡನೆ ಅಸುರಕ್ಷಿತ ಲೈಂಗಿಕ ಸಂಪರ್ಕ, ಪರೀಕ್ಷಿಸದ ರಕ್ತ, ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸುವುದು ಇವು ಆ ದಾರಿಗಳು. ಸೋಂಕಿರುವ ತಾಯಿಯಿಂದ ಮಗುವಿಗೆ ಗರ್ಭದಲ್ಲಿ, ಹೆರಿಗೆಯ ಸಮಯದಲ್ಲಿ ಅಥವಾ ಎದೆಹಾಲಿನ ಮೂಲಕವೂ ಬರಬಹುದು. ತಾಯಿ ಮತ್ತು ಮಗುವಿಗೆ ಸಕಾಲದಲ್ಲಿ ಔಷಧ ಕೊಟ್ಟರೆ ಈ ದಾರಿಯನ್ನು ಬಹುಮಟ್ಟಿಗೆ ಮುಚ್ಚಬಹುದು.

ವಿಜ್ಞಾನ ಹೀಗೆ ಹೇಳಿದರೂ ಜನರ ನಡವಳಿಕೆ ಹಾಗಿಲ್ಲ. ಎಷ್ಟೋ ಮನೆಗಳಲ್ಲಿ ಸೋಂಕಿತರ ಲೋಟವನ್ನು ಬೇರೆ ಇಟ್ಟಿದ್ದಾರೆ. ಶಾಲೆಯಲ್ಲಿ ಮಗುವನ್ನು ದೂರ ಕೂರಿಸಿದ್ದಾರೆ. ಎಂಜಲಿನಿಂದ ಯಾರಿಗೂ ಎಚ್.ಐ.ವಿ. ಬರುವುದಿಲ್ಲ, ಆದರೆ ಊರ ಬಾಯಿಯ ಮಾತಿನಿಂದ ಎಷ್ಟೋ ಮನಸ್ಸುಗಳು ಮುರಿದಿವೆ. ಜನ ಏನೆನ್ನುವರೋ ಎಂಬ ಅಂಜಿಕೆಯಿಂದ ಪರೀಕ್ಷೆಗೇ ಹೋಗದವರು ಇದ್ದಾರೆ. ಅಷ್ಟರಲ್ಲಿ ಒಳಗಿನ ಕಾವಲು ಬರಿದಾಗುತ್ತಿರುತ್ತದೆ.

ಕಾವಲು ಮರಳಿ ಬರುವುದು

ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸಾಮಾನ್ಯವಾಗಿ 500ಕ್ಕಿಂತ ಹೆಚ್ಚು ಸಿ.ಡಿ.4 ಕೋಶಗಳಿರುತ್ತವೆ. ಇದು 200ಕ್ಕಿಂತ ಕೆಳಗಿಳಿದರೆ ಅಪಾಯ. ಕ್ಷಯ ಮೊದಲಾದ ರೋಗಗಳು ಒಳನುಗ್ಗುತ್ತವೆ. 1969ರಲ್ಲಿ ವಿನ್ಸೆಂಟ್ ಫೆರರ್ ಅವರು ಅನಂತಪುರದಲ್ಲಿ ಆರಂಭಿಸಿದ ಗ್ರಾಮೀಣಾಭಿವೃದ್ಧಿ ಟ್ರಸ್ಟ್‌ಗೆ ಬತ್ತಲಪಲ್ಲಿಯಲ್ಲಿ ಒಂದು ಆಸ್ಪತ್ರೆಯಿದೆ. ಅಲ್ಲಿನ ವೈದ್ಯರು ಜಿಲ್ಲೆಯ ಎಚ್.ಐ.ವಿ. ಸೋಂಕಿತರನ್ನು ಕುರಿತು ಹಲವು ಅಧ್ಯಯನಗಳನ್ನು ಪ್ರಕಟಿಸಿದ್ದಾರೆ. ಅವುಗಳಲ್ಲಿ ಎದ್ದು ಕಾಣುವ ಒಂದು ಸಂಗತಿಯೆಂದರೆ, ಬಹಳ ಜನ ಸಿ.ಡಿ.4 ಆಗಲೇ ಕೆಳಗಿಳಿದ ಮೇಲೆ, ತಡವಾಗಿ ಬಂದವರು. ಬಾಯಿಯ ಬಿಳಿ ಪದರದಂತಹ ಸಣ್ಣ ಸುದ್ದಿಯನ್ನು ಸಕಾಲದಲ್ಲಿ ಕೇಳಿಸಿಕೊಂಡರೆ ಎಷ್ಟು ಜೀವಗಳು ಉಳಿಯಬಹುದು, ಯೋಚಿಸಿ.

ಇಂದು ಔಷಧವಿದೆ. ನಮ್ಮ ದೇಶದಲ್ಲಿ 2004ರ ಏಪ್ರಿಲ್ 1ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಎಚ್.ಐ.ವಿ.ಗೆ ಉಚಿತ ಔಷಧ ಕೊಡಲು ಆರಂಭವಾಯಿತು. ಮೊದಲು ಆಯ್ಕೆಯಾದ ರಾಜ್ಯಗಳಲ್ಲಿ ಆಂಧ್ರಪ್ರದೇಶ, ಕರ್ನಾಟಕ ಎರಡೂ ಇದ್ದವು. ಆಗ ಸಿ.ಡಿ.4 ಒಂದು ಮಟ್ಟಕ್ಕಿಂತ ಇಳಿದವರಿಗಷ್ಟೇ ಔಷಧ ಸಿಗುತ್ತಿತ್ತು. 2017ರಿಂದ ಸೋಂಕು ಖಚಿತವಾದ ಎಲ್ಲರಿಗೂ ಕೊಡಲಾಗುತ್ತಿದೆ. ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ ಸಾಕು. ವೈರಸ್ಸು ಹೆಚ್ಚುವುದು ನಿಂತಾಗ ಸಿ.ಡಿ.4 ಕೋಶಗಳು ಮತ್ತೆ ಏರುತ್ತವೆ. ಬಾಯಿಯ ಬಿಳಿ ಪದರ ಮರುಕಳಿಸುವುದು ಬಹಳ ಕಡಿಮೆಯಾಗುತ್ತದೆ. ಊಟ ರುಚಿಸುತ್ತದೆ. ಔಷಧದಿಂದ ರಕ್ತದಲ್ಲಿ ವೈರಸ್ಸು ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗಿ, ಹಾಗೆಯೇ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕವೂ ಸೋಂಕು ಹರಡುವುದಿಲ್ಲ. ಆದರೆ ವೈರಸ್ಸು ಕೆಲವು ಕೋಶಗಳಲ್ಲಿ ಅಡಗಿ ಕುಳಿತಿರುತ್ತದೆ. ಮಾತ್ರೆ ನಿಲ್ಲಿಸಿದರೆ ಅದು ಮತ್ತೆ ಎದ್ದು ಬರುತ್ತದೆ. ತಡವಾಗಿ ಆರಂಭಿಸಿದವರಲ್ಲಿ ಕಾವಲು ಪೂರ್ತಿ ಮೊದಲಿನಂತಾಗದೆಯೂ ಇರಬಹುದು. ಬೇಗ ಆರಂಭಿಸಬೇಕು, ಬಿಡದೆ ನುಂಗಬೇಕು.

2022ರಲ್ಲಿ ಜಿಲ್ಲೆಗಳು ಹೊಸದಾಗಿ ವಿಂಗಡಣೆಯಾದಾಗ ಮಡಕಶಿರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರ ಜಿಲ್ಲೆಯಲ್ಲಿಯೇ ಉಳಿಯಿತು. ಗಡಿಗಳು ಬದಲಾಗಬಹುದು, ಔಷಧದ ನಿಯಮ ಎಲ್ಲ ಕಡೆಯೂ ಒಂದೇ. ಮಳೆಯಿಲ್ಲದ ವರ್ಷ ಕೂಲಿಗಾಗಿ ಬೆಂಗಳೂರಿಗೋ ಬಳ್ಳಾರಿಗೋ ಹೋಗುವವರು ತಮ್ಮ ಚಿಕಿತ್ಸೆಯನ್ನು ಅಲ್ಲಿನ ಸರ್ಕಾರಿ ಕೇಂದ್ರಕ್ಕೆ ವರ್ಗಾಯಿಸಿಕೊಳ್ಳಬಹುದು. ಪರೀಕ್ಷೆಯೂ ಉಚಿತ. ಸಂಶಯವಿದ್ದವರು 1097 ಎಂಬ ಉಚಿತ ದೂರವಾಣಿ ಸಂಖ್ಯೆಗೆ ಕರೆಮಾಡಿ ಹೆಸರು ಹೇಳದೆಯೇ ಕೇಳಬಹುದು.

ಕಾನೂನೂ ಸೋಂಕಿತರ ಪರವಾಗಿದೆ. 2017ರಲ್ಲಿ ಸಂಸತ್ತು ಅಂಗೀಕರಿಸಿದ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಸೋಂಕಿನ ಕಾರಣಕ್ಕೆ ಯಾರನ್ನೂ ಶಾಲೆಯಿಂದ, ಕೆಲಸದಿಂದ, ಆಸ್ಪತ್ರೆಯಿಂದ ದೂರವಿಡುವಂತಿಲ್ಲ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಒಬ್ಬರ ಸೋಂಕಿನ ಸಂಗತಿಯನ್ನು ಅವರ ಒಪ್ಪಿಗೆಯಿಲ್ಲದೆ ಬಯಲು ಮಾಡುವಂತಿಲ್ಲ.

2023ರ ಅಂದಾಜಿನಂತೆ ನಮ್ಮ ದೇಶದಲ್ಲಿ 25 ಲಕ್ಷಕ್ಕೂ ಹೆಚ್ಚು ಜನ ಎಚ್.ಐ.ವಿ.ಯೊಂದಿಗೆ ಬದುಕುತ್ತಿದ್ದಾರೆ. ಅವರಲ್ಲಿ ನಿಮ್ಮ ವಯಸ್ಸಿನವರೂ ಇದ್ದಾರೆ. ಅವರ ದೇಹದ ಕಾವಲನ್ನು ಮಾತ್ರೆ ಮರಳಿ ತರಬಲ್ಲದು. ಅವರ ಬದುಕಿನ ಧೈರ್ಯವನ್ನು ಮರಳಿ ತರಬೇಕಾದವರು ನಾವು. ಅವರ ಜೊತೆ ಕುಳಿತು ಉಣ್ಣಲು, ಅದೇ ಚೊಂಬಿನಿಂದ ನೀರು ಕುಡಿಯಲು ಹೆದರಬೇಕಾದ ಕಾರಣ ಒಂದೂ ಇಲ್ಲ ಎಂದು ನಿಮಗೀಗ ಗೊತ್ತು. ಗೊತ್ತಿಲ್ಲದವರಿಗೆ ನೀವು ಹೇಳಬೇಡವೇ?

ಅಭ್ಯಾಸ

ಅ) ಈ ಪ್ರಶ್ನೆಗಳಿಗೆ ಎರಡು ಮೂರು ವಾಕ್ಯಗಳಲ್ಲಿ ಉತ್ತರಿಸಿರಿ.
1. ಬಾಯಿಯನ್ನು ಹೆಬ್ಬಾಗಿಲಿಗೆ ಏಕೆ ಹೋಲಿಸಲಾಗಿದೆ?
2. ಲ್ಯಾಂಗರ್‌ಹಾನ್ಸ್ ಕೋಶಗಳ ಕೆಲಸವೇನು?
3. ಎಚ್.ಐ.ವಿ. ಸೋಂಕಿತರ ಬಾಯಿಯಲ್ಲಿ ಕ್ಯಾಂಡಿಡಾ ಏಕೆ ಹೆಚ್ಚುತ್ತದೆ?
4. ಬಾಯಿಯಲ್ಲಿ ಬಿಳಿ ಪದರ ಕಂಡವರೆಲ್ಲರಿಗೂ ಎಚ್.ಐ.ವಿ. ಇದೆ ಎನ್ನಬಹುದೇ? ಕಾರಣ ಕೊಡಿರಿ.

ಆ) "ಬಾಯಿ ಈ ಸೋಂಕನ್ನು ತೋರಿಸುತ್ತದೆ, ಹರಡುವುದಿಲ್ಲ." ಈ ಮಾತನ್ನು ಒಣದ್ರಾಕ್ಷಿಯ ಪ್ರಯೋಗದ ಸಹಾಯದಿಂದ ವಿವರಿಸಿರಿ.

ಇ) "ಬೇಲಿಯೇ ಎದ್ದು ಹೊಲ ಮೇಯ್ದಂತೆ" ಈ ಗಾದೆಯನ್ನು ನಿಮ್ಮ ಸ್ವಂತ ವಾಕ್ಯದಲ್ಲಿ ಬಳಸಿರಿ.

ಈ) ಬಿಡಿಸಿ ಬರೆದು ಸಂಧಿಯ ಹೆಸರು ತಿಳಿಸಿರಿ: ರೋಗಾಣು, ಬಾಯಿಯಲ್ಲಿ, ಊರಲ್ಲಿ.